ಹದಿನಾಲ್ಕು ಪತ್ರ, ಒಂದು ಸಹಿ

೧

ಎಲ್ಲಿಂದ ಶುರು ಮಾಡಲಿ? ಪೆಟ್ಟಿಗೆಯಿಂದ ಶುರು ಮಾಡಿದರೆ ಪತ್ತೇದಾರಿ ಕಥೆಯಾಗುತ್ತದೆ. ಅನಸೂಯಾ ಆಂಟಿಯಿಂದ ಶುರು ಮಾಡಿದರೆ ಸನ್ಮಾನ ಸಮಾರಂಭದ ಪರಿಚಯ ಭಾಷಣವಾಗುತ್ತದೆ. ಡೊಲೊರೆಸ್ ಕಾಂತು ಅವರಿಂದಲೇ ಶುರು ಮಾಡಬೇಕು ಎಂಬುದು ನನಗೂ ಗೊತ್ತು. ಆದರೆ ಅವರ ಕಥೆ ಹೇಳಲು ನಾನು ಯಾರು?

ನಾನು ನಿವೇದಿತಾ. ಹುಟ್ಟಿದ್ದು ವಿಜಯಪುರ, ಇರುವುದು ಡಾಲಸ್. ವಾರವಿಡೀ ಬೇರೆಯವರ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುತ್ತೇನೆ, ವಾರಾಂತ್ಯದಲ್ಲಿ ಕಥೆ ಬರೆಯುತ್ತೇನೆ. (ಅದರಲ್ಲಿ ತಪ್ಪು ಹುಡುಕುವ ಕೆಲಸ ನಿಮ್ಮದು.)

ಮೊದಲ ಡ್ರಾಫ್ಟಿನ ಮೊದಲ ವಾಕ್ಯ ಹೀಗಿತ್ತು: “ಇದು ಒಬ್ಬ ಧೀರ ಕನ್ನಡತಿ ಅಮೆರಿಕದ ಮೂಲನಿವಾಸಿಗಳಿಗೆ ನ್ಯಾಯ ದೊರಕಿಸಿಕೊಟ್ಟ ಕಥೆ.” ಹೆಮ್ಮೆಯಿಂದ ಅದನ್ನು ಅನಸೂಯಾ ಆಂಟಿಗೆ ಫೋನಿನಲ್ಲಿ ಓದಿದೆ.

“ಇಷ್ಟೊಂದು ಸುಳ್ಳನ್ನ ಒಂದೇ ವಾಕ್ಯದಲ್ಲಿ ಹೇಗಮ್ಮಾ ತುರುಕಿದೆ?” ಅಂದರು. “ಅಳಿಸು.”

ಅಳಿಸಿದೆ. ಆದರೂ ನಿಮಗೆ ಹೇಳಿಬಿಟ್ಟೆ, ನೋಡಿ.

೨

ಡಾಕ್ಟರ್ ಅನಸೂಯಾ ಮೈಸೂರಿನವರು. ಹ್ಯೂಸ್ಟನ್ನಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಅನಾಟಮಿ ಕಲಿಸಿದರು. (ಕಾಲೇಜಿನ ಹೆಸರು ಹೇಳುವುದಿಲ್ಲ. ಹುಡುಕಬೇಡಿ, ಕಥೆಯ ಕಾಲೇಜು ಅದು.) ಗಂಡ ಸತೀಶ ಅಂಕಲ್ ತೈಲ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದವರು. ಮನೆ ಹ್ಯೂಸ್ಟನ್ನಿನ ಪಕ್ಕದ ಕೇಟಿಯಲ್ಲಿ.

ಆಂಟಿ ಪಾಠಕ್ಕೆ ಬಳಸುತ್ತಿದ್ದ ಒಂದು ತಲೆಬುರುಡೆ ಇತ್ತು. ಮರದ ಪೆಟ್ಟಿಗೆ, ಒಳಗೆ ಹಸಿರು ಬಟ್ಟೆಯ ಹಾಸು. ಸುಮಾರು ನಲವತ್ತು ವರ್ಷದ ಹೆಂಗಸಿನದು. ಅದು ಭಾರತದ್ದು ಎಂದು ಆಂಟಿ ನಂಬಿದ್ದರು. ನಂಬಲು ಕಾರಣವೂ ಇತ್ತು. ಒಂದು ಕಾಲದಲ್ಲಿ ಪರದೇಶದ ಮೆಡಿಕಲ್ ಕಾಲೇಜುಗಳಿಗೆ ಬಡವರ ಎಲುಬು ಹೋಗುತ್ತಿದ್ದದ್ದೇ ನಮ್ಮ ದೇಶದಿಂದ. ಯಾವ ಊರಿನ ಯಾವ ತಾಯಿಯೋ ಎಂದುಕೊಂಡು ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ದಿನ ಯಾರಿಗೂ ಹೇಳದೆ ಆ ಪೆಟ್ಟಿಗೆಯ ಮುಂದೆ ಒಂದು ಲೋಟ ನೀರಿಡುತ್ತಿದ್ದರು.

ನಿವೃತ್ತಿಯ ವರ್ಷ ಅವರ ವಿಭಾಗ ಹೊಸ ಕಟ್ಟಡಕ್ಕೆ ಶಿಫ್ಟ್ ಆಯಿತು. ಪೆಟ್ಟಿಗೆ ಎತ್ತುವಾಗ ಹಳೆಯ ಹಾಸು ಕಿತ್ತುಬಂತು. ಕೆಳಗೆ ಒಂದು ಹಳದಿ ಕಾರ್ಡ್. ಅದರಲ್ಲಿ ಶಾಯಿಯಲ್ಲಿ ಬರೆದದ್ದು ಕಲ್ಕತ್ತೆಯ ಹೆಸರಲ್ಲ. ಆಸ್ಟಿನ್ನಿನ ಹತ್ತಿರದ ಒಂದು ನದಿಯ ಹೆಸರು. ಜೊತೆಗೆ, “ದಂಡೆಯ ಸಮಾಧಿಯಿಂದ ಅಗೆದದ್ದು, ೧೯೩೧.”

“ತಕ್ಷಣ ಹಲ್ಲು ನೋಡಿದೆ ನಿವೇದಿತಾ,” ಅಂದರು ಆಂಟಿ. “ಮುಂದಿನ ಹಲ್ಲಿನ ಒಳಮೈ ಮೊರದ ಹಾಗೆ ತಗ್ಗಾಗಿತ್ತು. ಈ ನೆಲದ ಮೂಲದವರಲ್ಲಿ ಹಾಗಿರೋದು ಹೆಚ್ಚು. ಅದನ್ನ ನಾನೇ ಪಾಠ ಮಾಡ್ತಿದ್ದೆ. ಆ ಹಲ್ಲು ಇಪ್ಪತ್ತಾರು ವರ್ಷ ನನ್ನ ಕೈಯಲ್ಲೇ ಇತ್ತು. ಯಾವತ್ತೂ ಕೇಳ್ಕೊಳ್ಲಿಲ್ಲ.”

ಆ ಮಧ್ಯಾಹ್ನ ಅವರು ತಮ್ಮ ಇಮೇಲ್‌ನಲ್ಲಿ ಆ ನದಿಯ ಹೆಸರು ಹಾಕಿ ಹುಡುಕಿದರು. ಒಂದೇ ಒಂದು ಪತ್ರ ಸಿಕ್ಕಿತು. ಆರು ವರ್ಷ ಹಿಂದಿನದು. ಡೊಲೊರೆಸ್ ಕಾಂತು ಎಂಬಾಕೆ, ಆ ನದಿಯ ದಂಡೆಯಿಂದ ಅಗೆದು ಒಯ್ದ ತಮ್ಮ ಹಿರಿಯರ ಅವಶೇಷಗಳು ನಿಮ್ಮಲ್ಲಿವೆಯೇ ಎಂದು ಕೇಳಿದ್ದರು. ಕೆಳಗೆ ವಿಭಾಗದ ಉತ್ತರ: “ಪರಿಶೀಲಿಸಲಾಗಿದೆ. ನಮ್ಮಲ್ಲಿ ಯಾವುವೂ ಇಲ್ಲ.” ಅದರ ಕೆಳಗೆ ಆಗ ಹಂಗಾಮಿ ಮುಖ್ಯಸ್ಥೆಯಾಗಿದ್ದವರ ಸಹಿ. ಅನಸೂಯಾ.

ಪರಿಶೀಲಿಸಿರಲಿಲ್ಲ. ಆಫೀಸಿನವರು ಸಿದ್ಧ ಮಾಡಿ ಕಳಿಸಿದ್ದ ಉತ್ತರಕ್ಕೆ, ಎರಡು ತರಗತಿಗಳ ನಡುವೆ ಸಹಿ ಹಾಕಿದ್ದರು.

(ಇಲ್ಲಿ ನಾನು ಆಂಟಿಯ ಪರವಾಗಿ ಒಂದು ಪ್ಯಾರಾ ಬರೆದಿದ್ದೆ. ಕೆಲಸದ ಒತ್ತಡ, ಬ್ಯೂರಾಕ್ರಸಿ ಇತ್ಯಾದಿ. ಅದನ್ನೂ ಅಳಿಸಲು ಹೇಳಿದರು.)

೩

ಸತೀಶ ಅಂಕಲ್‌ಗೆ ಈ ಕಥೆಯಲ್ಲಿ ತಮ್ಮ ಪಾತ್ರದ ಬಗ್ಗೆ ತಕರಾರಿದೆ. “ನನ್ನನ್ನ ವಿಲನ್ ಮಾಡ್ಬೇಡ ಕಣಮ್ಮ,” ಎಂದು ಮೊದಲೇ ಹೇಳಿದ್ದಾರೆ. ಮಾಡುವುದಿಲ್ಲ ಅಂಕಲ್. ನೀವು ಅಂದದ್ದನ್ನು ಮಾತ್ರ ಬರೆಯುತ್ತೇನೆ.

“ಅನ್ಸೂ, ಮುಂದಿನ ತಿಂಗಳು ರಿಟೈರ್ ಆಗ್ತೀಯ,” ಅಂದಿದ್ದರು. “ಆ ಕಾರ್ಡ್ ಡೀನ್ ಕೈಗೆ ಕೊಟ್ಟು ಬಂದ್ಬಿಡು. ನಾವು ಹೊರಗಿನಿಂದ ಬಂದವರು. ಇವರಿವರ ಹಳೇ ಜಗಳದಲ್ಲಿ ನಮಗೇನು ಕೆಲಸ?”

“ಹೊರಗಿನವಳು ಅಂತ ಆಗ ಯಾರಾದ್ರೂ ನನ್ನ ಸಹಿ ಬೇಡ ಅಂದ್ರಾ?” ಎಂದು ಆಂಟಿ ಕೇಳಿದರು.

ಡೀನ್ ಹತ್ತಿರ ಹೋದರು. ಆತ ಮರ್ಯಾದಸ್ಥ. ಕಾಫಿ ತರಿಸಿದ. ಇದನ್ನು ಒಳಗೊಳಗೇ ನೋಡೋಣ, ವಕೀಲರು ಓದಲಿ, ಅಲ್ಲಿಯವರೆಗೆ ನೀವು ಯಾರೊಂದಿಗೂ ಮಾತಾಡಬೇಡಿ ಎಂದ. ಆಂಟಿ ಕಾಫಿ ಕುಡಿದು ಥ್ಯಾಂಕ್ಸ್ ಹೇಳಿ ಬಂದರು. ಶನಿವಾರ ಬೆಳಿಗ್ಗೆ ಡೊಲೊರೆಸ್ ಪತ್ರದಲ್ಲಿದ್ದ ವಿಳಾಸ ಹಿಡಿದು, ಒಬ್ಬರೇ ಹೋಗುವುದೆಂದು ಕಾರು ಹತ್ತಿದರು. ಹೊರಟಾಗ ಸತೀಶ ಅಂಕಲ್ ಬಂದು ಪಕ್ಕದ ಸೀಟಿನಲ್ಲಿ ಕೂತರು. (ನೋಡಿದಿರಾ ಅಂಕಲ್, ಬರೆದಿದ್ದೇನೆ.)

೪

ಡೊಲೊರೆಸ್ ಕಾಂತು ಅವರಿಗೆ ಎಪ್ಪತ್ತೊಂದು ವರ್ಷ. ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿದವರು. ಆಸ್ಟಿನ್ನಿನ ಪಕ್ಕದ ಲಿಯಾಂಡರ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರದು ಈ ನಾಡಿನ ಮೂಲ ಜನರ ಒಂದು ಸಣ್ಣ ಸಮುದಾಯ. ಅದರ ಹೆಸರನ್ನು ಬರೆಯಬೇಡ ಎಂದು ಅವರೇ ಹೇಳಿದ್ದಾರೆ. “ನೂರು ವರ್ಷ ಬ್ಯಾರೆಯವರು ನಮ್ಮ ಹೆಸರು ತಪ್ಪು ತಪ್ಪು ಬರದಾರ. ನೀ ಬರೀದಿದ್ರ ತಪ್ಪರ ಆಗೂದಿಲ್ಲ.”

ನಿಲ್ಲಿ, ನಿಲ್ಲಿ. ಡೊಲೊರೆಸ್ ವಿಜಯಪುರದ ಕನ್ನಡ ಯಾಕೆ ಮಾತಾಡುತ್ತಿದ್ದಾರೆ?

ಅವರು ಮಾತಾಡುವುದು ಇಂಗ್ಲಿಷ್, ಮಧ್ಯೆ ಮಧ್ಯೆ ಸ್ಪ್ಯಾನಿಷ್. ಅದನ್ನು ಪುಸ್ತಕದ ಕನ್ನಡಕ್ಕೆ ತಂದಾಗ ನ್ಯಾಯಾಲಯದ ನೋಟಿಸಿನ ಹಾಗಾಯಿತು. ಬೆಂಗಳೂರಿನ ಕನ್ನಡ ಮಾಡಿದೆ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನ ಹಾಗಾಯಿತು. ಕೊನೆಗೆ ನಮ್ಮ ಅವ್ವನ ಮಾತು ಹಾಕಿದೆ, ಡೊಲೊರೆಸ್ ಎದ್ದು ಕೂತರು. ಅವರಿಗೆ ವಿಷಯ ತಿಳಿಸಿದೆ.

“ಅದೇನು ಹಳ್ಳಿ ಮಾತೇನು?”

“ಪೇಟೆಯವರು ಹಾಗೆ ಅನ್ನುತ್ತಾರೆ.”

“ಹಂಗಾದ್ರ ಇರ್ಲಿ ಬಿಡು.”

ಆ ಶನಿವಾರ ಆಂಟಿ ಅವರ ಬಾಗಿಲಲ್ಲಿ ನಿಂತು, ಒಳಗೆ ಹೋಗುವ ಮೊದಲೇ, ತಾನು ಯಾರು, ಯಾವ ಪತ್ರಕ್ಕೆ ಸಹಿ ಹಾಕಿದವಳು, ಪೆಟ್ಟಿಗೆಯಲ್ಲಿ ಯಾರಿದ್ದಾರೆ ಎಂಬುದನ್ನೆಲ್ಲ ಹೇಳಿದರು. ಕ್ಷಮೆ ಕೇಳಿದರು. ಡೊಲೊರೆಸ್ ಕ್ಷಮಿಸಿದೆ ಅನ್ನಲಿಲ್ಲ. 

“ಒಂಬತ್ತು ವರ್ಷದಾಗ ಆ ಕಾಲೇಜು, ಈ ಮ್ಯೂಸಿಯಮ್ಮು ಅಂತ ಹದಿನಾಲ್ಕು ಪತ್ರ ಬರದೀನಿ,” ಅಂದರು. “ಉತ್ತರ ಕೊಟ್ಟವರೊಳಗ ಮನಿತನಕ ಬಂದವರು ನೀವ ಮೊದಲನೇದವರು. ಒಳಗ ಬರ್ರಿ.”

ಒಳಗೆ ಕೂತ ಮೇಲೆ ಆಂಟಿ ಲೋಟದ ನೀರಿನ ವಿಷಯವನ್ನೂ ಹೇಳಿದರು. ಅಲ್ಲಿ ಡೊಲೊರೆಸ್ ಅತ್ತರು ಎಂದು ಎರಡನೇ ಡ್ರಾಫ್ಟಿನಲ್ಲಿ ಬರೆದಿದ್ದೆ. “ನಾ ಎಲ್ಲಿ ಅತ್ತೆ? ಅತ್ತವರು ಅವರ ಗಂಡ,” ಎಂದು ಡೊಲೊರೆಸ್ ತಿದ್ದಿದರು. ಅವರು ನಿಜವಾಗಿ ಅಂದದ್ದು ಇಷ್ಟು:

“ನೀರು ಇಟ್ಟೀರಿ, ಛಲೋ ಆತು. ಆದ್ರ ಅದು ಬ್ಯಾರೆ ಮಾತು. ಆಕಿ ನಮ್ಮಕಿ. ಆಕಿನ್ನ ಮನಿಗೆ ಕಳಸ್ರಿ.”

೫

ಮನೆಗೆ ಕಳಿಸುವುದು ಸುಲಭವಾಗಿರಲಿಲ್ಲ. ಡೊಲೊರೆಸ್‌ರ ಸಮುದಾಯ ಅಮೆರಿಕದ ಕೇಂದ್ರ ಸರ್ಕಾರ ಮಾನ್ಯ ಮಾಡಿದ ಬುಡಕಟ್ಟುಗಳ ಪಟ್ಟಿಯಲ್ಲಿಲ್ಲ, ಪಟ್ಟಿಯಲ್ಲಿ ಇಲ್ಲದವರಿಗೆ ಕೊಡುವ ಹೊಣೆ ನಮ್ಮದಲ್ಲ ಎಂದು ವಕೀಲರು ಬರೆದರು. ಒಕ್ಲಹೋಮಾದಲ್ಲಿ ಪಟ್ಟಿಯಲ್ಲಿರುವ ಒಂದು ಬುಡಕಟ್ಟಿನವರು, ಇವರು ನಮ್ಮ ಬಂಧುಗಳು, ಇವರಿಗೇ ಕೊಡಿ ಎಂದು ಬೆಂಬಲ ಸೂಚಿಸಿದರು. ಆ ಒಪ್ಪಿಗೆಗಾಗಿ ಡೊಲೊರೆಸ್ ಏಳು ಸಲ ಅಲ್ಲಿಗೆ ಹೋಗಿ ಬಂದಿದ್ದರು. (ಧೀರ ಕನ್ನಡತಿ ಆಗೆಲ್ಲ ಕೇಟಿಯಲ್ಲಿ ಮೆಂತ್ಯ ಬೆಳೆಯುತ್ತಿದ್ದರು. ಈ ವಾಕ್ಯವೂ ಆಂಟಿಯದೇ.)

ಕೊನೆಗೆ ಕಾಲೇಜಿನ ಆಡಳಿತ ಮಂಡಳಿಯ ಬಹಿರಂಗ ಸಭೆ. ಕಾಲೇಜು ಹ್ಯೂಸ್ಟನ್ನಿನದಾದರೂ ಮಂಡಳಿ ಕೂಡುವುದು ರಾಜ್ಯದ ರಾಜಧಾನಿ ಆಸ್ಟಿನ್ನಿನಲ್ಲಿ. ನಾನೂ ಡಾಲಸ್‌ನಿಂದ ರಜೆ ಹಾಕಿ ಹೋಗಿದ್ದೆ. ಮಾತಾಡುವ ಪ್ರತಿಯೊಬ್ಬರಿಗೂ ಮೂರೇ ನಿಮಿಷ.

ಆಂಟಿ ಮೊದಲು ಎದ್ದರು. ಮೈಸೂರು ರೇಷ್ಮೆ ಸೀರೆ, ಕೈಯಲ್ಲಿ ತಮ್ಮದೇ ಸಹಿಯ ಕಾಗದ. “ನಾನು ಪರಿಶೀಲಿಸದೆ ಸಹಿ ಮಾಡಿದೆ. ಇದು ಸುಳ್ಳು ಉತ್ತರ. ನನ್ನ ಹೆಸರಿನಲ್ಲಿರುವ ಈ ಸುಳ್ಳನ್ನು ಇವತ್ತು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ,” ಎಂದರು. ಒಂದು ನಿಮಿಷವೂ ಹಿಡಿಯಲಿಲ್ಲ. ಆಂಟಿಯ ಹೆಸರಿನಲ್ಲಿ ಶುರುವಾಗಬೇಕಿದ್ದ ಉಪನ್ಯಾಸಮಾಲೆ ಆ ವಾರವೇ ಸದ್ದಿಲ್ಲದೆ ರದ್ದಾಯಿತು.

ಆಮೇಲೆ ಡೊಲೊರೆಸ್. ಮೈಕು ಎಟುಕುತ್ತಿರಲಿಲ್ಲ, ತಾವೇ ಬಗ್ಗಿಸಿಕೊಂಡರು. ತಮ್ಮ ಭಾಷೆಯಲ್ಲಿ ಮಾತು ಶುರು ಮಾಡಿದರು. ಅಜ್ಜಿಯಿಂದ ಕೇಳಿ ಉಳಿಸಿಕೊಂಡ ಭಾಷೆ. ತಾಯಿಯ ಹೆಸರು, ಅಜ್ಜಿಯ ಹೆಸರು, ಅವರಜ್ಜಿಯ ಹೆಸರು, ಹೀಗೆ ಹಿಂದಕ್ಕೆ, ಹಿಂದಕ್ಕೆ. ಗುಮಾಸ್ತೆ ನಡುವೆ ಬಾಯಿ ಹಾಕಿ, ದಯವಿಟ್ಟು ಇಂಗ್ಲಿಷಿನಲ್ಲಿ ಹೇಳಿ, ಇಲ್ಲವಾದರೆ ತರ್ಜುಮೆದಾರರನ್ನು ಕರೆತನ್ನಿ ಎಂದಳು.

ಡೊಲೊರೆಸ್ ಆಕೆಯ ಕಡೆ ತಿರುಗಿದರು. ಸಿಟ್ಟಿರಲಿಲ್ಲ.

“ಇದು ಈ ಊರಿನ ಭಾಷೆ, ಮಗಳ,” ಅಂದರು. “ತರ್ಜುಮೆ ಬೇಕಾಗಿದ್ದು ನಿಮಗ.”

ಹಿಂದಿನ ಸಾಲುಗಳಲ್ಲಿ ಅವರ ಸಮುದಾಯದ ಅರವತ್ತು ಜನ ಎದ್ದು ನಿಂತರು. ಕೂಗಲಿಲ್ಲ, ಚಪ್ಪಾಳೆ ತಟ್ಟಲಿಲ್ಲ.  ಉಳಿದ ಸಮಯವನ್ನೂ ಡೊಲೊರೆಸ್ ತಮ್ಮ ಭಾಷೆಯಲ್ಲೇ ಮುಗಿಸಿದರು. ಅಧ್ಯಕ್ಷರು ಗಂಟೆ ಬಾರಿಸಲಿಲ್ಲ. ನನಗೆ ಒಂದು ಪದವೂ ಅರ್ಥವಾಗಲಿಲ್ಲ, ಆದರೂ ಬೆನ್ನು ತಾನಾಗಿ ನೆಟ್ಟಗಾಯಿತು. (ರೋಮಾಂಚನ ಎಂದು ಬರೆಯುವುದಿಲ್ಲ. ರಾಜ್ಯೋತ್ಸವದ ಭಾಷಣಗಳಲ್ಲಿ ಆ ಪದವನ್ನು ನಾವು ಸವೆಸಿಬಿಟ್ಟಿದ್ದೇವೆ.)

ಎರಡು ವಾರದ ನಂತರ ಮಂಡಳಿ ಒಪ್ಪಿತು.

೬

ಈಗ ಅಂತ್ಯಗಳು. ನಿಮಗೆ ಬೇಕಾದ್ದು ಆರಿಸಿಕೊಳ್ಳಿ ಎಂದು ಮೂರು ಬರೆದೆ.

ಅಂತ್ಯ ಒಂದು: ನದಿಯ ದಂಡೆಯಲ್ಲಿ ಇಬ್ಬರು ಹೆಂಗಸರು ಅಪ್ಪಿಕೊಳ್ಳುತ್ತಾರೆ. ನಡೆಯಲಿಲ್ಲ.

ಅಂತ್ಯ ಎರಡು: ಆಂಟಿ ತಿಲತರ್ಪಣ ಬಿಡುತ್ತಾರೆ. ಅದೂ ನಡೆಯಲಿಲ್ಲ. ಬಿಡಲೇ ಎಂದು ಆಂಟಿ ಕೇಳಿದ್ದರು. “ಇವತ್ತು ಬ್ಯಾಡ್ರಿ. ಇವತ್ತು ಆಕಿ ಮಂದಿ ಎಲ್ಲಾರೂ ಬಂದಾರ,” ಎಂದರು ಡೊಲೊರೆಸ್.

ಅಂತ್ಯ ಮೂರು, ನಡೆದದ್ದು: ಏಪ್ರಿಲ್ ತಿಂಗಳ ಬೆಳಿಗ್ಗೆ. ದಂಡೆಯ ಮೇಲೆ ನೀಲಿ ಹೂ. ಕಾಲೇಜಿನಿಂದ ಪೆಟ್ಟಿಗೆ ತಂದು ಡೊಲೊರೆಸ್ ಕೈಗೆ ಒಪ್ಪಿಸಿದವರು ಆಂಟಿ. ಅಲ್ಲಿಂದ ಮುಂದೆ ಸಮುದಾಯದವರೇ ಹೊತ್ತರು. ಆಂಟಿ, ಅಂಕಲ್, ನಾನು ಮೂವರೂ ಬೇಲಿಯ ಈಚೆ ನಿಂತೆವು. ಹಾಡು ಕೇಳಿಸುತ್ತಿತ್ತು, ಕಾಣುತ್ತಿರಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ. ಊಟದ ಹೊತ್ತಿಗೆ ಡೊಲೊರೆಸ್ ಬಂದು ಆಂಟಿಯ ಕೈ ಹಿಡಿದು ಟೇಬಲ್ಲಿಗೆ ಕರೆದೊಯ್ದರು. ತಮ್ಮವರಿಗೆ ಪರಿಚಯ ಮಾಡಿದರು: “ಇವರು ಸುಳ್ಳು ಬರದಿದ್ರು. ಆಮ್ಯಾಲೆ ಖರೆ ಹೇಳಿದ್ರು.”

ಕಾರಿಗೆ ಮರಳುವಾಗ ಆಂಟಿ ಅಂದರು, “ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಪ್ರಶಸ್ತಿಪತ್ರ ಬಂತು ನಿವೇದಿತಾ. ಇಷ್ಟು ಸರಿಯಾಗಿ ಯಾರೂ ನನ್ನ ಬಗ್ಗೆ ಹೇಳಿರಲಿಲ್ಲ.” ಅವರ ತಲೆ ತಗ್ಗಿರಲಿಲ್ಲ.

೭

ಇಲ್ಲಿಗೆ ಮುಗಿಸಬಹುದಿತ್ತು. ಮುಗಿಸಿದ್ದೆ ಕೂಡ. ಕೆಳಗೆ “ಹೀಗೆ ಒಂದು ಜನಾಂಗದ ದೀರ್ಘ ಹೋರಾಟಕ್ಕೆ ತೆರೆ ಬಿತ್ತು” ಎಂದು ಬರೆದು, ಹೋದ ಭಾನುವಾರ ಡೊಲೊರೆಸ್‌ಗೆ ಫೋನಿನಲ್ಲಿ ಇಂಗ್ಲಿಷ್ ಮಾಡಿ ಓದಿ ಹೇಳಿದೆ. ಅವರು ಆಗ ಯಾವುದೋ ಮ್ಯೂಸಿಯಮ್ಮಿಗೆ ಹದಿನೈದನೇ ಪತ್ರ ಬರೆಯುತ್ತಿದ್ದರು.

“ತೆರಿ ಯಾರು ಎಳದ್ರು?” ಅಂದರು.

“ಕಥೆ ಅಂದ ಮೇಲೆ ಎಲ್ಲಾದರೂ ಮುಗಿಸಬೇಕಲ್ಲ.”

ಆ ಕಡೆಯಿಂದ ಪೆನ್ನು ಕೆಳಗಿಟ್ಟ ಸದ್ದು.

“ನಾವು ಮುಗದು ಹೋಗೀವಿ ಅಂತ ನೂರೈವತ್ತು ವರ್ಷದಿಂದ ಪುಸ್ತಕದಾಗ ಬರಕೋತ ಬಂದಾರ, ಮಗಳ. ನೀನೂ ಬರೀಬ್ಯಾಡ.”