ಎರಡನೆಯ ರಿಂಗು

"ತೆಗೀಬ್ಯಾಡಬೇ, ಅವರ ಕೂಡ ಮಣ್ಣಿಗಿ ಹೋಗ್ಲಿ ಅದು," ಎಂದು ತಾಯಿ ಗ್ಯಾನಮ್ಮ ಕೈ ಹಿಡಿಯುವಷ್ಟರಲ್ಲಿ ಜ್ಯೋತಿ ಅಪ್ಪನ ಹೆಣದ ಜೇಬಿನಿಂದ ಉಕ್ಕಿನ ರಿಂಗನ್ನು ಎಳೆದುಕೊಂಡಿದ್ದಳು.

"ಎಲ್ಲಿತ್ತವ್ವ ಇದು?"

"ಬುತ್ತಿ ಚೀಲದಾಗ ಮನಿಗಿ ತಂದಿದ್ರು. ವಾರಾತು, ಮಲಗೋಮುಂದೂ ಕೈಯಾಗ ಹಿಡ್ಕೊಂಡು ಮಲಗ್ತಿದ್ರು."

ಇದರ ಜೋಡಿ ಲಿಂಗಸುಗೂರಿನ ವರ್ಕ್‌ಶಾಪಿನಲ್ಲಿ, ಹೊಸ ಗನ್ನಿನ ಹೊಟ್ಟೆಯಲ್ಲಿದೆ. ನಾಳೆ ಮಿಲಿಟರಿಯವರ ಮುಂದೆ ಆ ಗನ್ನನ್ನು ಮೊದಲ ಸಲ ಕೈಯಿಂದ ಹೊಡೆಯುವವನು ಅವಳ ತಮ್ಮ ಹುಲಿಗೇಶ.

*

ಮಿಲಿಟರಿಯವರು ಕೇಳಿದ್ದಕ್ಕಿಂತ ಗನ್ನು ನಾಲ್ಕು ಕಿಲೋ ಹೆಚ್ಚು ತೂಗುತ್ತಿತ್ತು.

"ಗುಂಡಿನ ಹೊಡ್ತ ತಡಿಯೋ ರಿಂಗು ಇನ್ನಾ ತೆಳ್ಳಗ ಕಡದ್ರ ಒಡೀತೈತಿ," ಎಂದಿದ್ದ ಅಪ್ಪ ಹನುಮಂತರಾಯ. ಹಟ್ಟಿ ಗಣಿಯಲ್ಲಿ ಮೂವತ್ತು ವರ್ಷ ಲೇತ್ ಹಿಡಿದ ಕೈ ಅವನದು.

"ಹೊತ್ಕೊಂಡು ಗುಡ್ಡ ಏರೋರು ನಾವಲ್ಲರೀ ಯಜಮಾನ್ರೇ, ಕಡೀರಿ," ಎಂದ ಫೋರ್‌ಮನ್ ದುರುಗಪ್ಪ.

ಅಪ್ಪ ಒಂದೇ ಅಳತೆಯ ಎರಡು ತೆಳ್ಳನೆಯ ರಿಂಗು ಕಡೆದ. ಮೊದಲನೆಯದನ್ನು ಹಾಕಿ, ಟ್ರಿಗರಿಗೆ ಹಗ್ಗ ಕಟ್ಟಿ, ದೂರ ನಿಂತು ಹೊಡೆದರು. ಆಮೇಲೆ ಅಪ್ಪ ಅದನ್ನು ಬಿಚ್ಚಿ, ಸೀಮೆಎಣ್ಣೆ ಬಳಿದು, ಒಣಗುವಂತೆ ಒರೆಸಿ, ಸುಣ್ಣದ ಪುಡಿ ಉದುರಿಸಿ ಬಹಳ ಹೊತ್ತು ನೋಡಿದ. ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆ ಪುಡಿಯ ಮೇಲೆ ಒಸರಿ ಗೆರೆ ಮೂಡುತ್ತದೆ. ಅದೇ ವರ್ಕ್‌ಶಾಪಿನಲ್ಲಿ ಚೆಕಿಂಗ್ ಮಾಡುವ ಜ್ಯೋತಿ ಕೇಳಿದಳು: "ಏನೈತಪಾ?"

"ಏನಿಲ್ಲ."

ಅಂದು ಬುತ್ತಿ ಬಿಚ್ಚಲೇ ಇಲ್ಲ ಅವನು. ಎರಡನೆಯ ರಿಂಗು ಗನ್ನಿಗೆ ಹೋಯಿತು.

*

ಹಿತ್ತಲಲ್ಲಿ ಅಪ್ಪನ ಸೀಮೆಎಣ್ಣೆ ಬಾಟಲಿ ಇತ್ತು, ಸುಣ್ಣವಿರಲಿಲ್ಲ. ಜ್ಯೋತಿ ರಿಂಗಿಗೆ ಎಣ್ಣೆ ಬಳಿದು ಒರೆಸಿ, ಹೆಣದ ಮುಂದಿನ ತಟ್ಟೆಯಿಂದ ವಿಭೂತಿ ತಂದು ಉದುರಿಸಿದಳು.

"ಸತ್ತವರ ಈಬತ್ತಿ ಕಬ್ಬಿಣಕ್ಕ ಹಚ್ಚಾಕತ್ತಿಯಲ್ಲ, ತಲಿ ಕೆಟ್ಟೈತೇನು?" ನೆರೆಮನೆಯ ಪೀರ್‌ಬೀ ಮಾಲೆ ಕಟ್ಟುತ್ತಲೇ ಬೈದಳು. ಅವಳ ಮಗ ಅಜೀಮನೂ ಅದೇ ವರ್ಕ್‌ಶಾಪಿನವನು. "ನಾಳಿ ಗನ್ನು ಹೊಡಿಯೋದೂ ನಿಮ್ಮ ಹುಲ್ಯಾನ ಕೈಗೇ ಕೊಟ್ಟಾರ. ನಮ್ಮ ಅಜೀಮ್ ಬರೇ ಎಣ್ಣಿ ಹಾಕೋದೇ ಆತು."

ಜ್ಯೋತಿ ರಿಂಗನ್ನು ಬೆಳಕಿಗೆ ಹಿಡಿದಳು. ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಒದ್ದೆ ಗೆರೆ ಮೂಡಿತು. ಮೂಡಿ, ಮೆಲ್ಲಗೆ ಅರ್ಧ ಸುತ್ತು ಹರಿಯಿತು.

ಹೂವಿನ ಹಾರದ ಜೊತೆ ಚೆಕಿಂಗ್ ಕಾಗದವನ್ನೂ ತಂದಿದ್ದ ದುರುಗಪ್ಪ ಅವಳನ್ನು ಹುಡುಕಿಕೊಂಡು ಹಿತ್ತಲಿಗೆ ಬಂದ. "ಎರಡನೇ ರಿಂಗಿಗೆ ನಿನ್ನ ಸೈ ಒಂದು ಉಳದೈತವ್ವ. ಸೈ ಇಲ್ದ ಗನ್ನು ಹೊರಗ ಹೋಗಂಗಿಲ್ಲ."

ಅವಳು ರಿಂಗು ಚಾಚಿದಳು. ಅವನು ನೋಡಿದ. ಹೆಗಲ ಟವೆಲಿನಿಂದ ಗೆರೆಯನ್ನು ಒರೆಸಿದ.

ಗೆರೆ ಮತ್ತೆ ಒಸರಿತು.

"ತಾರೀಖು ಮುಂದ ಹೋಗಂಗಿಲ್ಲ, ಜ್ಯೋತಿ." ಅವನು ಪೀರ್‌ಬೀಯ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿದ. "ಹುಲಿಗೇಶನ್ನ ಬಿಡಿಸ್ತೀನಿ. ಅಪ್ಪ ಸತ್ತಾನ ಅಂತ ಹೇಳಿದ್ರಾತು. ಅಜೀಮ್ ಹೊಡೀತಾನ. ತಗೋ, ಸೈ ಹಾಕು."

ಪೀರ್‌ಬೀ ಹಲ್ಲಿನಿಂದ ದಾರ ಕತ್ತರಿಸಿ, ಮುಗಿದ ಮಾಲೆಯನ್ನು ಮಡಿಲಲ್ಲಿ ಸುತ್ತಿಟ್ಟುಕೊಂಡಳು.

ಪೆನ್ನು ಹಿಡಿದ ದುರುಗಪ್ಪನ ಕೈ ಚಾಚಿಕೊಂಡೇ ಇತ್ತು.

"ಹಾಕಂಗಿಲ್ಲ," ಎಂದಳು ಜ್ಯೋತಿ.