ಎಪ್ಪತ್ತು ಸೆಕೆಂಡಿನ ಹೆಣ

ಆ ನೀಲಿ ಅಂಗಿಯ ತೋಳು ಅಲ್ಲಾಡುತ್ತಿದೆ, ಒಳಗೆ ಕೈಯಿಲ್ಲ, ಮೈಯಿಲ್ಲ, ಹ್ಯಾಂಗರಿಗೆ ನೇತುಹಾಕಿದ ಬರೀ ಇಸ್ತ್ರಿ ಬಟ್ಟೆ, ಆದರೂ ಉಸಿರಾಡುತ್ತಿದೆ ನೋಡು, ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ, ಈ ಲಾಂಡ್ರಿಯಲ್ಲಿ ಉಸಿರಾಡಬಾರದವನು ಅಂತ ಇದ್ದರೆ ತಣ್ಣನೆಯ ನೆಲದ ಮೇಲೆ ಬಿದ್ದಿರುವ ಇವನೊಬ್ಬನೇ, ಸಿನಿಮಾದ ಕಳ್ಳರ ದೊರೆಯ ಮೂರನೇ ಕಾವಲುಗಾರ, ಎದೆಗೆ ಒಂದೇ ಗುಂಡು, ತಲೆ ಬಲಕ್ಕೆ ವಾಲಿದೆ, ಬಾಯಿ ಕೊಂಚ ತೆರೆದಿದೆ, ಕಣ್ಣು ಪೂರ್ತಿ ತೆರೆದಿದೆ — ಆಕ್ಷನ್ ಅಂದಾಯಿತು, ಇನ್ನು ಎಪ್ಪತ್ತು ಸೆಕೆಂಡು ಇವನು ಸತ್ತವನು. ಟೇಕ್ ಮೂರು. ಇದೇ ಕೊನೆ. ಅಂಕಲ್, ಬೇಜಾರು ಮಾಡ್ಕೋಬೇಡಿ, ಇದೂ ಸರಿಹೋಗ್ಲಿಲ್ಲ ಅಂದ್ರೆ ಗೊಂಬೆ ಮಲಗಿಸಿ ತೆಗೀತೀನಿ, ಕಿಟಕಿ ಬಿಸಿಲು ಜಾರ್ತಾ ಇದೆ, ಅಂದಿದ್ದಳು ಡೈರೆಕ್ಟರ್ ಹುಡುಗಿ, ಮುಖ ಚಿಕ್ಕದು ಮಾಡಿಕೊಂಡೇ ಅಂದಳು, ಒಳ್ಳೆಯವಳು, ಆದರೆ ಗೊಂಬೆಯನ್ನು ಆಗಲೇ ತರಿಸಿ ಕ್ಯಾಮೆರಾದ ಹಿಂದೆ ಕುರ್ಚಿಯಲ್ಲಿ ಕೂರಿಸಿಬಿಟ್ಟಿದ್ದಾಳೆ, ಇವನದೇ ಅಳತೆ, ಇವನದೇ ಕಂದು ಅಂಗಿ, ಇವನದೇ ನರೆತ ಮೀಸೆ, ಎದೆಯಲ್ಲಿ ಇವನದೇ ತೂತು, ರಬ್ಬರ್ ನನ್ಮಗ, ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದಾನೆ ಮಹಾರಾಜನ ಹಾಗೆ. ಮೂವತ್ತಮೂರು ವರ್ಷದಲ್ಲಿ, ಇವತ್ತಿನದೂ ಸೇರಿ, ಇನ್ನೂರ ಹದಿನಾಲ್ಕು ಸಲ ಸತ್ತವನ ಜಾಗದಲ್ಲಿ, ಒಂದು ಸಲವೂ ಬದುಕಿರದದ್ದು ಬಂದು ಮಲಗುತ್ತದಂತೆ. ಬರಲಿ ನೋಡೋಣ.

ಎಣಿಸಬಾರದು. ಎಣಿಸಿದ್ರೆ ಉಸಿರು ನೆನಪಾಗುತ್ತೆ ಕಣೋ, ಮನೆ ಸುತ್ತು, ಅಂದಿದ್ದರು ಫೈಟ್ ಮಾಸ್ಟರು, ಮೊದಲ ವರ್ಷವೇ, ಬೀಳೋದು ಯಾರಿಗಾದ್ರೂ ಬರುತ್ತೆ, ಬಿದ್ದಲ್ಲೇ ಇರೋದು ಕಲಿ, ನಿನ್ನ ಮನೆ ಬಾಗಿಲಿಂದ ಒಳಗೆ ಹೋಗು, ಒಂದೊಂದೇ ಕೋಣೆ ನೋಡ್ಕೊಂಡು ಹಿಂದಕ್ಕೆ ಬಾ, ಅಷ್ಟರಲ್ಲಿ ಶಾಟ್ ಮುಗಿದಿರುತ್ತೆ. ಆಗ ಇದ್ದದ್ದು ಒಂದೇ ಕೋಣೆ, ಮಾಸ್ಟ್ರೇ, ನಮ್ಮನೆ ಬೇಗ ಮುಗಿದೋಗುತ್ತೆ ಅಂದರೆ, ಹಾಗಾದ್ರೆ ಸದ್ಯಕ್ಕೆ ಚಿಕ್ಕ ಸಾವು ಸಾಯಿ, ದೊಡ್ಡ ಮನೆ ಮಾಡು, ದೊಡ್ಡ ಸಾವು ಕೊಡಿಸ್ತೀನಿ, ಅಂದು ಹೊಟ್ಟೆ ಕುಣಿಸಿ ನಕ್ಕಿದ್ದರು. ಈಗ ಮನೆ ದೊಡ್ಡದಿದೆ ಮಾಸ್ಟ್ರೇ, ಮೂರನೇ ಮಹಡಿ, ಎರಡು ಕೋಣೆ, ಬಾಲ್ಕನಿ ಬೇರೆ. ಸಾವೂ ದೊಡ್ಡದೇ ಸಿಕ್ಕಿದೆ, ಮುಖಕ್ಕೆ ನೇರ ಕ್ಯಾಮೆರಾ, ಒಂದೇ ಶಾಟು, ಕತ್ತರಿಸುವುದಿಲ್ಲ ಅಂಕಲ್ ಅಂದಿದ್ದಾಳೆ ಹುಡುಗಿ. ಇಷ್ಟು ದಿನ ಇವನು ಸತ್ತದ್ದೆಲ್ಲ ಹೀರೋನ ಬೆನ್ನ ಹಿಂದೆ, ಮಸುಕು ಮಸುಕಾಗಿ, ಡ್ರಮ್ಮುಗಳ ಸಂದಿಯಲ್ಲಿ, ಚರಂಡಿಯಲ್ಲಿ — ಚರಂಡಿಯಲ್ಲಿ ಒಂದು ಸಲ ಇಡೀ ಯೂನಿಟ್ಟು ಊಟಕ್ಕೆ ಎದ್ದು ಹೋಗಿತ್ತು, ಇವನಿಗೆ ಕಟ್ ಕೇಳಿಸಿರಲಿಲ್ಲ, ಬಿದ್ದೇ ಇದ್ದ, ಮಾಸ್ಟರು ಹುಡುಕಿಕೊಂಡು ಬಂದು ನೋಡಿ ತಮ್ಮ ತಟ್ಟೆಯನ್ನೇ ಇವನ ಕೈಗೆ ಇಟ್ಟರು, ಆಮೇಲೆ ಎಲ್ಲರ ಎದುರು, ಇವನೊಬ್ಬ ನೋಡ್ರಯ್ಯ ಹೆಣ ಅಂದ್ರೆ, ಅಂದರು. ಹೆಣದಣ್ಣ ಅನ್ನುವ ಹೆಸರು ಆವತ್ತು ಬಂದದ್ದು. ಅಡ್ಡಹೆಸರು ಅಂದುಕೊಂಡಿದ್ದಾರೆ ಎಲ್ಲರೂ, ಬಿರುದು ಅದು.

ಟಕ್. ಬಂದ. ಹೀರೋ ಬಾಗಿಲಲ್ಲಿ ನಿಂತಿದ್ದಾನೆ, ಕಾಣುವುದಿಲ್ಲ, ಬೂಟು ಕೇಳುತ್ತದೆ, ಒಂಬತ್ತು ಹೆಜ್ಜೆ ನಡೆದು ಬರಬೇಕು, ಅವಸರ ಇಲ್ಲ ಅವನಿಗೆ, ಸಮುರಾಯ್ ಅಲ್ಲವೇ. ಕಥೆ ಏನ್ರೀ ಅಂತ ಹೆಂಡತಿ ಕೇಳಿದಾಗ ಇವನು ಕೂತು ಒಪ್ಪವಾಗಿ ಹೇಳಿದ್ದ, ಒಬ್ಬ ಬಾಡಿಗೆ ಕೊಲೆಗಾರ ಕಣೇ, ಇಂಥದ್ದೇ ಊರಲ್ಲಿ ಈಗಿನ ಕಾಲದಲ್ಲೇ ಇದ್ದಾನೆ, ಆದ್ರೆ ಹಳೇ ಕಾಲದ ಸಮುರಾಯ್ ಯೋಧರ ಥರ ಬದುಕ್ತಾನೆ, ಒಡೆಯನಿಗೆ ಮಾತು ಕೊಟ್ರೆ ಮುಗೀತು, ಹಿಂದಿನಿಂದ ಹೊಡೆಯಲ್ಲ, ತಾನು ಕೊಂದೋನ ಪಕ್ಕ ಮಂಡಿಯೂರಿ ಕೂತು, ಕಾಲರ್ ಸರಿಮಾಡಿ, ತಲೆಬಾಗಿ ಎದ್ದು ಹೋಗ್ತಾನೆ. ಕೊಂದ್ಬಿಟ್ಟು ಕಾಲರ್ ಸರಿಮಾಡ್ತಾನಾ, ಚೆನ್ನಾಗಿದೆ ರೀ ಮರ್ಯಾದೆ, ಅಂದಳು ಅವಳು, ಸೌಟು ಅಲ್ಲಾಡಿಸುತ್ತಾ, ನಿಮ್ಮ ಕಾಲರ್ ನಾನು ದಿನಾ ಸರಿಮಾಡ್ತೀನಿ, ನನ್ನನ್ನ ಯಾವ ಸಿನಿಮಾದಲ್ಲಿ ತೋರಿಸ್ತಾರೆ? ಮನೆಯ ಮೆಟ್ಟಿಲು, ಮೆಟ್ಟಿಲು, ಎರಡನೇ ಮಹಡಿಯ ತಿರುವಲ್ಲಿ ಬಲ್ಬ್ ಇಲ್ಲ, ಮೂರು, ನಾಲ್ಕು, ಇವು ಬೂಟಿನ ಹೆಜ್ಜೆಯೋ ಮೆಟ್ಟಿಲೋ, ಎಣಿಸಬೇಡ ಅಂದೆನಲ್ಲ, ಬಾಗಿಲು. ಬಾಗಿಲನ್ನು ತುಸು ಮೇಲೆತ್ತಿ ತಳ್ಳಬೇಕು, ಇಲ್ಲದಿದ್ದರೆ ಚಿಲಕ ಬಿಡುವುದಿಲ್ಲ. ಚಪ್ಪಲಿ ಗೂಡು, ಮಗಳ ಬಿಳಿ ಬೂಟು, ಆಸ್ಪತ್ರೆಯ ನರ್ಸು ಅವಳು, ನಿಜವಾದ ಹೆಣ ನೋಡಿದವಳು, ಅಪ್ಪಾ, ನಿಜವಾದೋರು ನಿಮ್ಮಷ್ಟು ಚೆನ್ನಾಗಿ ಮಲಗಿರಲ್ಲ, ಎಷ್ಟು ನೀಟಾಗಿ ಸಾಯ್ತೀರಿ, ಗದ್ದ ಒಂದು ಪಕ್ಕಕ್ಕೆ ಜಾರಿರಬೇಕು, ಹೀಗೆ, ಅಂತ ಊಟಕ್ಕೆ ಕೂತಲ್ಲೇ ಇವನ ಗದ್ದ ಹಿಡಿದು ಬಲಕ್ಕೆ ಜಾರಿಸಿ ತೋರಿಸಿದಳು, ತುತ್ತು ಬಾಯಲ್ಲಿತ್ತು. ಇವತ್ತು ಗದ್ದ ಹಾಗೇ ಜಾರಿದೆ ಪುಟ್ಟಿ, ನೀನು ಹೇಳಿದ ಹಾಗೇ.

ಹಾಲ್, ಟಿವಿ, ಟಿವಿ ಮೇಲಿನ ಬಟ್ಟೆ. ಮಗಳಿಗೆ ಆರು ವರ್ಷ ಆಗ, ಇದೇ ಟಿವಿಯಲ್ಲಿ — ಇದಲ್ಲ, ಹಳೆಯದು, ಡಬ್ಬದಂಥದ್ದು — ಇದೇ ಹೀರೋ ಇವನನ್ನು ನೀರಿನ ಟ್ಯಾಂಕಿನ ಮೇಲಿಂದ ಎಸೆದಿದ್ದ, ಮಗು ಟಿವಿ ಆರಿಸಿ ಹೊಸಿಲಲ್ಲಿ ಕೂತುಬಿಟ್ಟಿತ್ತು, ಇವನು ಬಂದು ಎತ್ತಿಕೊಂಡರೆ ಅಳಲಿಲ್ಲ, ಮೂಗಿನ ಕೆಳಗೆ ಬೆರಳಿಟ್ಟು ನೋಡಿತು. ಅಂಗಿಗಳ ನಡುವೆ ಕಪ್ಪು ಪ್ಯಾಂಟು ಬಂತು, ನಿಂತಿತು, ಮಂಡಿ ನೆಲಕ್ಕೆ ತಾಗಿತು, ಒಂದು, ಆಮೇಲೆ ಇನ್ನೊಂದು, ಹೀರೋಗೂ ಐವತ್ತು ದಾಟಿದೆ, ಎಡಮಂಡಿ ಲಟಕ್ಕೆಂದಿತು, ಅದು ಸೌಂಡಿನವರ ತಲೆನೋವು, ಇವನದಲ್ಲ. ಬೆರಳು ಕಾಲರಿಗೆ ಬಂದಿದೆ. ಮೊದಲ ಟೇಕಿನಲ್ಲಿ ಇಲ್ಲೇ ಆದದ್ದು, ಹೀರೋನ ಮೂಗಿನ ತುದಿಯ ಬೆವರ ಹನಿ ನೇರ ಇವನ ಕಣ್ಣಿಗೇ ಬಿತ್ತು, ಎಂಥ ಹೆಣವಾದರೂ ಕಣ್ಣು ಮಿಟುಕಿಸುತ್ತದೆ, ಅದಕ್ಕೆ ಯಾರೂ ಬೈಯಲಿಲ್ಲ, ಮೇಕಪ್ಪಿನ ತಂಗಿ ಓಡಿ ಬಂದು, ಅಣ್ಣಾ ಉರೀತಿದೆಯಾ ಅಂತ ಊದಿದಳು. ಎರಡನೆಯದೇ ಮಾನ ಕಳೆದದ್ದು. ಎರಡನೇ ಟೇಕಿನಲ್ಲಿ ಹೀರೋ ಅಂಗೈ ಎರಡೂ ನೆಲಕ್ಕೂರಿ ತಲೆಬಾಗಿಸಿದ, ಮತ್ತು ಇವನು, ಇನ್ನೂರ ಹದಿಮೂರು ಸಲ ಸತ್ತ ಅನುಭವಸ್ಥ, ವಾಪಸು ತಲೆಬಾಗಿಸಿಬಿಟ್ಟ! ಜಾಸ್ತಿ ಏನಿಲ್ಲ, ಗದ್ದ ಒಂದು ಬೆರಳು ಕೆಳಗೆ ಹೋಗಿ ಬಂತು, ಎದುರಿನವರು ಕೈಮುಗಿದರೆ ಯಾರಾದರೂ ಮಾಡುವಷ್ಟು, ಹೆಣ ನಮಸ್ಕಾರ ಮಾಡ್ತು ಮೇಡಂ, ಅಂತ ಲೈಟಿನವನು ಕೂಗಿದ, ಇಡೀ ಲಾಂಡ್ರಿ ಬಿದ್ದು ಬಿದ್ದು ನಕ್ಕಿತು. ಇವನಿಗೆ ನಗು ಬರಲಿಲ್ಲ. ಹೊಡೆತ ತಿಂದು ಅಲ್ಲಾಡಿದವನಲ್ಲ ಇವನು, ಕುದುರೆ ಪಕ್ಕದಲ್ಲಿ ಹಾದಾಗ ಅಲ್ಲಾಡಲಿಲ್ಲ, ಇರುವೆ ಕಿವಿಯೊಳಗೆ ಹೊಕ್ಕಾಗ ಅಲ್ಲಾಡಲಿಲ್ಲ, ಅದಕ್ಕೆಲ್ಲ ಅಭ್ಯಾಸ ಇತ್ತು, ಕೊಂದವರು ಬಂದು ತಲೆಬಾಗಿಸಿದರೆ ಏನು ಮಾಡಬೇಕು ಅಂತ ಮಾಸ್ಟರು ಕಲಿಸಿರಲಿಲ್ಲ, ಅವರಿಗೂ ಯಾರು ಬಾಗಿದ್ದರು ಪಾಪ.

ಕಾಲರ್ ಸರಿಹೋಯಿತು, ಬೆರಳು ತೆಗೆದ. ಅಡುಗೆಮನೆ, ಬೇಗ, ಅಡುಗೆಮನೆ, ಹೆಂಡತಿಯ ಬೆನ್ನು, ನನ್ನನ್ನ ಇನ್ನೆಷ್ಟು ಸಲ ವಿಧವೆ ಮಾಡ್ತೀರ್ರೀ ಅನ್ನುತ್ತಿದ್ದವಳು, ಈಗ ಹಾಗನ್ನುವುದಿಲ್ಲ, ಅಕ್ಕಪಕ್ಕದವರಿಗೆ, ನಮ್ಮನೆಯವ್ರು ಸತ್ರೆ ಹಾಗೇ ನೋಡ್ಬೇಕು ಅನ್ನಿಸುತ್ತೆ, ಅಂತ ಹೇಳುತ್ತಾಳೆ, ಅವರು ಬೆಚ್ಚಿಬೀಳುತ್ತಾರೆ. ಮಲಗುವ ಕೋಣೆ, ಕನ್ನಡಿ ಬೀರು, ಅದರ ಮುಂದಿನ ನೆಲ, ಈ ಶಾಟಿಗಾಗಿ ಹದಿನೈದು ದಿನ ಅಲ್ಲೇ ಬಿದ್ದು ಅಭ್ಯಾಸ, ರೀ ಕಾಲೆತ್ತಿ ಗುಡಿಸ್ಬೇಕು, ಹೆಣ ಕಾಲೆತ್ತಲ್ಲ ಕಣೇ, ಹೆಣ ಮಾತೂ ಆಡಲ್ಲ ಸುಮ್ನಿರಿ, ಅಂತ ಸುತ್ತ ಗುಡಿಸಿಕೊಂಡು ಹೋದಳು, ಮೊದಲ ದಿನ ಉಸಿರು ಹಿಡಿದದ್ದು ನಲವತ್ತು ಸೆಕೆಂಡು, ಆಮೇಲೆ ಐವತ್ತೈದು, ಕೊನೆಗೆ ಅವಳೇ ಗಡಿಯಾರ ಹಿಡಿದು ಕೂತಳು, ಎಪ್ಪತ್ತೆರಡು ರೀ, ಎಪ್ಪತ್ತೆರಡು! ಅರವತ್ತೊಂದು ವರ್ಷದ ಗಂಡನ ಬೆನ್ನಿಗೊಂದು ಗುದ್ದು ಕೊಟ್ಟಳು ಖುಷಿಗೆ. ರಬ್ಬರಿಗೆ ಯಾರು ಗಡಿಯಾರ ಹಿಡಿದಿದ್ದರು? ಅಂಗೈಗಳು ನೆಲಕ್ಕೆ ಬಂದವು. ಬಂತು, ಈಗ ಬಂತು. ಮೇಕಪ್ ಕುರ್ಚಿಯಲ್ಲಿ ಬೆಳಿಗ್ಗೆ ಪಕ್ಕದಲ್ಲಿ ಕೂತಿದ್ದ ಇದೇ ಹೀರೋ ಕನ್ನಡಿಯಲ್ಲಿ ಇವನನ್ನು ನೋಡಿ, ಅಣ್ಣಾ, ನಿಮ್ಮನ್ನ ನಾನು ಎಷ್ಟು ಸಲ ಕೊಂದಿರಬಹುದು, ಅಂದ. ಹನ್ನೊಂದು ಸರ್. ಹನ್ನೊಂದಾ! ಮುಖ ನೋಡಿದ್ದು ಇವತ್ತೇ ಅಂದ, ಆಮೇಲೆ ಕುರ್ಚಿ ತಿರುಗಿಸಿ ಕನ್ನಡಿ ಬಿಟ್ಟು ನೇರ ಇವನನ್ನೇ ನೋಡಿದ. ಮತ್ತು ಹುಡುಗಿ ಹೇಳಿದ್ದು, ಸಮುರಾಯ್ ಯಾರಿಗೂ ಕುತ್ತಿಗೆ ತೋರಿಸಲ್ಲ ಅಂಕಲ್, ನನ್ನ ಸಿನಿಮಾದಲ್ಲಿ ಅವನು ಕುತ್ತಿಗೆ ತೋರಿಸೋದು ತಾನು ಕೊಂದೋರಿಗೆ ಮಾತ್ರ, ಬೇಕಿದ್ರೆ ನೀನೂ ನನ್ನ ತಲೆ ತಗೋ ಅನ್ನೋ ಹಾಗೆ. ಬಾಗುತ್ತಿದ್ದಾನೆ. ಹಣೆ ಹೋಯಿತು, ಕೂದಲು ಬಂತು, ಕುತ್ತಿಗೆ ಬಂತು, ಗದ್ದವೇ, ಜೋಕೆ, ಮಗಳು ಜಾರಿಸಿದ ಜಾಗದಲ್ಲೇ ಇರು, ಇವನು ಮೂರನೇ ಕಾವಲುಗಾರ, ಇವನು ಸತ್ತಿದ್ದಾನೆ, ಸತ್ತವನಿಗೆ ಸಲ್ಲಬೇಕಾದದ್ದು ಸಲ್ಲುತ್ತಿದೆ, ತೆಗೆದುಕೋ, ಸುಮ್ಮನೆ ತೆಗೆದುಕೋ.

ಬಾಲ್ಕನಿ. ಹಗ್ಗ, ಕ್ಲಿಪ್ಪು, ಬಕೆಟ್ಟು, ಕಂಬಿ, ಕಂಬಿಯಾಚೆ ಎದುರು ಮನೆಯ ಗೋಡೆ, ಮನೆ ಮುಗಿಯಿತು. ಎಪ್ಪತ್ತು ಆಗಿರಬೇಕು, ಈಗ ಅವನು ಏಳಬೇಕು, ಎದ್ದಿಲ್ಲ, ರಿಹರ್ಸಲಿನಲ್ಲಿ ಇಷ್ಟು ಹೊತ್ತು ಬಾಗಿರಲಿಲ್ಲ, ಇನ್ನೆಲ್ಲಿಗೆ ಹೋಗುವುದು ಮಾಸ್ಟ್ರೇ, ಕೋಣೆ ಇಲ್ಲ, ಎದೆಯೊಳಗಿಂದ ಯಾರೋ ದಬದಬ ಗುದ್ದುತ್ತಿದ್ದಾರೆ, ಕಣ್ಣಂಚು ಕಪ್ಪಾಗುತ್ತಿದೆ, ನಡುವೆ ಒಂದೇ ಬೆಳಕು, ಆ ಕುತ್ತಿಗೆ, ಕೂದಲು ಕತ್ತರಿಸಿದ ಅಂಚು, ಅದರ ಕೆಳಗೆ ಬಿಸಿಲು ಕಾಣದ ಬಿಳಿ ಚರ್ಮದ ಒಂದು ಗೆರೆ — ಕಟ್! ಕಟ್ ಕಟ್ ಕಟ್, ಓಕೆ ಅಂಕಲ್, ಓಕೆ! ಹುಡುಗಿಯ ದನಿ ಒಡೆದಿದೆ, ಉಸಿರು ಬಾವಿಗೆ ಬಿದ್ದ ಕೊಡದ ಹಾಗೆ ಒಳಗೆ ನುಗ್ಗಿತು, ಯಾರೋ ಚಪ್ಪಾಳೆ, ಯಾರೋ, ಗೊಂಬೆ ವ್ಯಾನಿಗೆ ಹಾಕ್ರೋ, ಹೆಣದಣ್ಣ ಗೆದ್ದ, ಅಂತ, ಹೆಣದಣ್ಣಾ ಏಳಣ್ಣ ಅಂತ — ಏಳುವುದು ಹೇಗೆ, ಎದುರಿನವನು ಎದ್ದಿಲ್ಲ. ಕಟ್ ಅಂದರೆ ಹೀರೋ ಮೊದಲು ಏಳುತ್ತಾನೆ, ಟವೆಲ್ ಬರುತ್ತದೆ, ಟವೆಲ್ ಬಂತು, ಹಿಡಿದವನು ಪಕ್ಕದಲ್ಲಿ ನಿಂತ, ನಿಂತೇ ಇದ್ದಾನೆ, ಚಪ್ಪಾಳೆ ನಿಂತಿತು, ಅಂಗೈ ಎರಡೂ ಇನ್ನೂ ನೆಲದ ಮೇಲೆ, ಶಾಟ್ ಮುಗಿಯಿತು ಸರ್, ಸಮುರಾಯ್ ಹೋಗಿಯಾಯಿತು, ಇದು ಯಾರು ಈಗ ಬಾಗಿರುವುದು, ಯಾರಿಗೆ. ಈಗ ಗದ್ದ ಅಲ್ಲಾಡಿಸಬಹುದು, ಯಾರೂ ನಗುವುದಿಲ್ಲ, ಒಂದು ಬೆರಳಿನಷ್ಟು ಸಾಕು, ಅಲ್ಲಾಡಿಸಲಿಲ್ಲ ಇವನು, ಹನ್ನೊಂದು ಸಲದ ಸಾವಿನ ಬಾಕಿ ಬರುತ್ತಿದೆ, ಬರಲಿ, ಪೂರ್ತಿ ಬರಲಿ, ಕಣ್ಣು ತೆರೆದೇ ಇದೆ, ಕುತ್ತಿಗೆ, ಕತ್ತರಿಸಿದ ಕೂದಲ ಅಂಚು, ಬಿಳಿ ಗೆರೆ, ಕುತ್ತಿಗೆ, ಬಾಗಿದ ಕುತ್ತಿಗೆ, ಬಿಳಿ ಗೆರೆ —