ಹೆಸರು ಹೇಳದ ರೋಗಿ

ಗೋಕಾಕದ ಸಭಾಭವನದಲ್ಲಿ ಮೂರು ತಾಲೂಕಿನ ವೈದ್ಯರು ಊಟ ಮುಗಿಸಿ ಕುಳಿತಿದ್ದರು. ಜ್ವರಗಳ ಬಗ್ಗೆ ಉಪನ್ಯಾಸ ಕೊಡಲು ಡಾಕ್ಟರ್ ನೇತ್ರಾ ಬಂದಿದ್ದಳು. ಮುಂದಿನ ಸಾಲಿನಲ್ಲಿ ಮೂಡಲಗಿಯ ಹಿರಿಯ ವೈದ್ಯ ಗುರುಪಾದ. ಅವನು ಬರುತ್ತಾನೆಂದು ಖಾತ್ರಿಯಾದ ಮೇಲೆಯೇ ಅವಳು ಒಪ್ಪಿದ್ದಳು. ಅವನಿಗೆ ಅವಳ ಗುರುತು ಸಿಕ್ಕಿರಲಿಲ್ಲ.

ಅವಳು ಇಂಟರ್ನ್ ಆಗಿದ್ದಾಗ ಗಂಡ ಶ್ರೀಶೈಲನನ್ನು ಇದೇ ಗುರುಪಾದನ ಆಸ್ಪತ್ರೆಗೆ ಸೇರಿಸಿದ್ದಳು. ಕಬ್ಬಿಗೆ ನೀರು ಹಾಯಿಸಿ ಬಂದವನಿಗೆ ಜ್ವರ, ಕೆಂಪು ಕಣ್ಣು, ಮೀನಖಂಡದಲ್ಲಿ ನೋವು. ಇಲಿಜ್ವರ ಇರಬಹುದು, ರಕ್ತ ನೋಡೋಣ ಎಂದಿದ್ದಳು.

"ಇನ್ನಾ ಪೂರಾ ಡಾಕ್ಟರ್ ಆಗಿಲ್ಲ ತಂಗಿ ನೀ. ಪುಸ್ತಕದಾಗಿನ ರೋಗ ಪುಸ್ತಕದಾಗ ಇರಲಿ," ಎಂದು ಗುರುಪಾದ ನಕ್ಕು ಸ್ಟೀರಾಯ್ಡ್ ಚುಚ್ಚಿದ್ದ. ಮೊದಲು ಶ್ರೀಶೈಲನ ಮೂತ್ರ ನಿಂತಿತು. ಆಮೇಲೆ ಉಸಿರು.

ಹೆರಿಗೆ ವೈದ್ಯೆಯಾಗಬೇಕೆಂದಿದ್ದವಳು ಸೋಂಕುರೋಗ ಓದಿದಳು. ಪದವಿಯ ಮೇಲೆ ಪದವಿ ಪಡೆದು ಊರಿಗೆ ಮರಳಿ, ಪ್ರತಿ ಮಳೆಗಾಲ ಕಬ್ಬಿನ ಹೊಲದವರ ರಕ್ತ ಪರೀಕ್ಷಿಸಿ ಸಂಶೋಧನೆ ಮಾಡಿದಳು. ಜನ ಅದನ್ನು ಸೇವೆ ಎಂದರು. ಅವಳು ತಿದ್ದಲಿಲ್ಲ. ಅವಳಿಗೆ ಬೇಕಿದ್ದದ್ದು ಒಂದೇ: ಆ ರೋಗದ ಹೆಸರು ಗುರುಪಾದನ ಬಾಯಿಂದಲೇ ಬರಬೇಕು, ನಾಲ್ಕು ಜನರ ಎದುರು.

ಹೆಸರು ಹೇಳದೆ ಒಬ್ಬ ರೋಗಿಯ ಲಕ್ಷಣಗಳನ್ನು ವಿವರಿಸಿದಳು. "ಸರ್, ನೀವ ಹಿರಿಯರು. ಏನ್ ಅನಸ್ತೈತ್ರಿ?"

ಗುರುಪಾದ ಎದ್ದು ಮೈಕ್ ಹಿಡಿದ. "ಇದೂ ಒಂದ್ ಪ್ರಶ್ನೇನವಾ? ಇಲಿಜ್ವರ. ಪೆನ್ಸಿಲಿನ್ ಕೊಟ್ರ ಎದ್ದು ಕುಂದ್ರತಾನ."

"ಸ್ಟೀರಾಯ್ಡ್ ಕೊಟ್ಟಾರ್ರಿ. ಸತ್ತ."

"ಯಾಂವ ಅಂವ? ಹುಕ್ಕೇರಿಯಾಂವ ಇರಬೇಕು!"

ಸಭೆ ನಕ್ಕಿತು. "ನಮ್ಮೂರ ಯಾಕ್ರಿ ಕಾಕಾ?" ಎಂದು ಹಿಂದಿನಿಂದ ಹುಕ್ಕೇರಿಯ ವೈದ್ಯನೊಬ್ಬ ಕೂಗಿದ.

"ಅಂಥಾಂವನ ಬೋರ್ಡ್ ಕಿತ್ತ ಒಗೀಬೇಕು," ಎಂದ ಗುರುಪಾದ.

"ಖರೇನ್ರಿ?"

"ಖರೆ ಅಂದ್ರ ಖರೆ."

"ಅಂವ ನೀವ ರೀ. ಸತ್ತಾಂವ ನನ್ನ ಗಂಡ, ತುಕ್ಕಾನಟ್ಟಿ ಶ್ರೀಶೈಲ."

ಗುರುಪಾದ ಕನ್ನಡಕ ತೆಗೆದು ಅವಳನ್ನೇ ನೋಡಿದ. "ಯಾ ಶ್ರೀಶೈಲ? ನೆನಪ ಬರವಲ್ದವಾ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೆ ಉರಿದದ್ದು ಅದಕ್ಕೇ. ಇಷ್ಟು ವರ್ಷ ಅವನ ಮುಖವನ್ನು ಕಣ್ಣೆದುರು ಇಟ್ಟುಕೊಂಡು ಓದಿದ್ದಳು. ಅವನ ತಲೆಯಲ್ಲಿ ಶ್ರೀಶೈಲನಿಗೆ ಒಂದು ಹಾಸಿಗೆಯಷ್ಟೂ ಜಾಗ ಇರಲಿಲ್ಲ.

ಸಂಘಟಕ ಅಶೋಕ ವೇದಿಕೆಗೆ ಬಂದು ಪಿಸುಗುಟ್ಟಿದ. "ಮೇಡಂ, ಸಾಕ್ರಿ. ಚಹಾ ಬಂದೈತಿ."

"ಕುಡೀರಿ ಎಲ್ಲಾರೂ," ಎಂದಳು ನೇತ್ರಾ. "ಸರ್, ಮೈಕ್ ನಿಮ್ಮ ಹಂತ್ಯಾಕ ಇರಲಿ. ಎರಡನೇ ರೋಗಿ ಮಸಗುಪ್ಪಿ ಊರಿನ ಹೆಣ್ಣಮಗಳು, ಆಕಿನೂ ನಿಮ್ಮ ದವಾಖಾನ್ಯಾಗ ಸತ್ತಾಕಿ. ಆಕಿ ರೋಗದ ಹೆಸರೂ ನೀವ ಹೇಳ್ರಿ. ಆಕಿ ಅಣ್ಣ ಬಾಗಿಲ ಬಾಜೂಕ ಕುಂತಾನ, ಕೇಳಾಕ ಬಂದಾನ."

ಗುರುಪಾದ ಬಾಗಿಲ ಕಡೆ ತಿರುಗಿ ಆ ಅಣ್ಣನನ್ನು ನೋಡಿದ.